ತಗಡು ಮೊದಲು, ಎಂಜಿನ್ ಆಮೇಲೆ: ದಾವಣಗೆರೆ ಸೀಮೆಯಲ್ಲಿ ಹಳೆಯ ಕಾರು ಕೊಂಡು ರಸ್ತೆಗಿಳಿಸುವ ಬಗೆ

ಹಳೆಯ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸೆಲ್ಫ್ ಹೊಡೆಸಿ, ಸದ್ದು ಕೇಳಿ, ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿ, ‘ಎಂಜಿನ್ ಚೆನ್ನಾಗಿದೆ’ ಎಂದು ಮುಂಗಡ ಕೊಟ್ಟು ಬರುತ್ತಾರೆ. ನನ್ನ ಮೊದಲ ಫಿಯಟ್ ಅನ್ನು ನಾನು ಕೊಂಡದ್ದೂ ಹೀಗೆಯೇ. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಮನೆಗೆ ತಂದ ಮೂರನೆಯ ದಿನ ಚಾಲಕನ ಕಾಲ ಕೆಳಗಿನ ಮ್ಯಾಟ್ ಎತ್ತಿದಾಗ ಅಂಗಳದ ಮಣ್ಣು ಕಾಣಿಸಿತು. ಆ ಕಾರನ್ನು ಉಳಿಸಲಾಗಲಿಲ್ಲ. ಬಾಗಿಲು, ಗೇರ್ ಬಾಕ್ಸ್, ದೀಪಗಳನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಟ್ಟೆ.

ಅಂದಿನಿಂದ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ನಮ್ಮ ಭಾಗದಲ್ಲಿ ಕೆಟ್ಟ ಎಂಜಿನ್‌ಗೆ ಹೆದರಬೇಕಿಲ್ಲ. ದಾವಣಗೆರೆಯಿಂದ ಅರ್ಧ ಗಂಟೆಯ ಹಾದಿಯಲ್ಲಿ ಹರಿಹರ ಇದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿದ ಊರು ಅದು. ಕಾರ್ಖಾನೆ ಮುಚ್ಚಿತು, ಕೆಲಸ ಕಲಿತ ಕೈಗಳು ಉಳಿದವು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಅಂಗಡಿಯಲ್ಲಿ ಸಿಗದ ಬುಷ್, ಸವೆದ ಪಿನ್, ಎಲ್ಲವನ್ನೂ ಅಳತೆ ತೆಗೆದು ಮಾಡಿಕೊಡುವವರು ಈ ಎರಡು ಊರುಗಳಲ್ಲಿ ಸಿಗುತ್ತಾರೆ. ತುಕ್ಕು ತಿಂದು ಹೋದ ತಗಡನ್ನು ಮತ್ತು ಕಳೆದುಹೋದ ಕಾಗದವನ್ನು ಮಾತ್ರ ಯಾವ ಲೇತ್‌ನಲ್ಲೂ ತಿರುಗಿಸಿ ತೆಗೆಯಲಾಗುವುದಿಲ್ಲ. ಹೀಗಾಗಿ ಮೊದಲು ಕಾಗದ, ನಂತರ ತಗಡು, ಕೊನೆಗೆ ಎಂಜಿನ್. ಈ ಕ್ರಮವನ್ನು ಬಿಡಬೇಡಿ.

ಯಾವ ಕಾರು, ಎಲ್ಲಿ ಹುಡುಕಬೇಕು

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಮುಂಬೈನ ಕುರ್ಲಾದಲ್ಲಿ ತಯಾರಾಗತೊಡಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು, ಆ ಶತಮಾನ ಮುಗಿಯುವವರೆಗೂ ಹೆಚ್ಚೇನೂ ಬದಲಾಗದೆ ಬಂದ ಕಾರು ಇದು. 1089 ಸಿಸಿಯ ಸರಳ ಎಂಜಿನ್. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗಕ್ಕೂ ಕೈ ಎಟಕುತ್ತದೆ. ಮುಂಬೈಯಲ್ಲಿ 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಾಗಿ ಓಡಿದ್ದರಿಂದ ಬಿಡಿಭಾಗಗಳ ಜಾಲ ಇನ್ನೂ ಸತ್ತಿಲ್ಲ. ನಮಗೆ ಹತ್ತಿರದ ದೊಡ್ಡ ಮಾರುಕಟ್ಟೆ ಬೆಂಗಳೂರಿನ ಜೆ.ಸಿ. ರಸ್ತೆ.

ಅಂಬಾಸಿಡರ್ ಗಟ್ಟಿ ಜೀವ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಬಿಡಿಭಾಗ ಸುಲಭ, ಮನೆಮಂದಿಯೆಲ್ಲ ಕೂರಬಹುದು. ಆದರೆ ಸರ್ಕಾರಿ ಇಲಾಖೆಯ ಹೆಸರಿನಲ್ಲಿದ್ದ ಅಂಬಾಸಿಡರ್ ಅಥವಾ ಜೀಪ್ ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ದೂರ ನಿಲ್ಲಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತದೆ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಂಥ ಗಾಡಿ ಬಿಡಿಭಾಗಕ್ಕೆ ಮಾತ್ರ.

ಸ್ಟ್ಯಾಂಡರ್ಡ್ ಹೆರಾಲ್ಡ್ ಚೆಂದದ ಕಾರು. ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಎಂಜಿನ್ ಪಕ್ಕದಲ್ಲೇ ಚಕ್ರದ ಮೇಲೆ ಕೂತು ಕೆಲಸ ಮಾಡಬಹುದು. ಆದರೆ ಒಂದು ಗಾಜು ಒಡೆದರೆ ತಿಂಗಳುಗಟ್ಟಲೆ ಹುಡುಕಬೇಕು. ಎರಡನೆಯ ಕಾರಾಗಿ ಇಟ್ಟುಕೊಳ್ಳಿ.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಮಳೆಯೇ ದಾರಿ ತೋರಿಸುತ್ತದೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು ಕಡೆಯ ಒಣ ನೆಲದಲ್ಲಿ ಬದುಕಿದ ಕಾರಿನ ತಗಡು ನಲವತ್ತು ವರ್ಷವಾದರೂ ಟಣ್ ಎನ್ನುತ್ತದೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಹತ್ತು ಮಳೆಗಾಲ ಕಂಡ ಕಾರು ಹೊರಗೆ ಎಷ್ಟು ಹೊಳೆದರೂ ಒಳಗೆ ಟೊಳ್ಳಾಗಿರಬಹುದು. ನಮ್ಮಲ್ಲೇ ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಓಡಿದ ಗಾಡಿಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಎರೆಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಮಣ್ಣು ಒಣಗಿ ಉದುರಿಹೋಗುತ್ತದೆ.

ಕಾಗದ ಓದುವುದು

ಕಾರು ನೋಡುವ ಮೊದಲೇ ಆರ್.ಸಿ. ಪುಸ್ತಕದ ಫೋಟೋ ತರಿಸಿಕೊಳ್ಳಿ. ನನ್ನ ಈಗಿನ ಪದ್ಮಿನಿ ಸಿಕ್ಕಿದ್ದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ, ಶೇಂಗಾ ಚೀಲಗಳ ಹಿಂದೆ. ಮಾರುವ ಯಜಮಾನರಿಗೆ ಎಪ್ಪತ್ತು ದಾಟಿತ್ತು. “ಕಾರು ನಮ್ಮ ತಂದೆಯವರದು, ತಮ್ಮಾ. ನನ್ನದೇ ಎಂದು ತಿಳಿದುಕೋ” ಎಂದರು. ಮನೆಯ ಮಟ್ಟಿಗೆ ಆ ಮಾತು ಸತ್ಯ. ಆರ್.ಟಿ.ಒ. ಕಚೇರಿಯ ಮಟ್ಟಿಗೆ ಆ ಕಾರಿನ ಒಡೆಯರು ತೀರಿಹೋದ ತಂದೆ. ಇಂಥ ಕಾರನ್ನು ನೇರವಾಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೋದರೆ ಕಡತ ಅಲ್ಲಿಯೇ ನಿಲ್ಲುತ್ತದೆ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಸೇರಿಸಿ ನಮೂನೆ 31ರಲ್ಲಿ ಅರ್ಜಿ ಹಾಕಿ ಕಾರು ಮಗನ ಹೆಸರಿಗೆ ಬರಬೇಕು. ಆಮೇಲೆ ನಮೂನೆ 29 ಮತ್ತು 30ರ ಮೂಲಕ ನಿಮ್ಮ ಹೆಸರಿಗೆ. ಯಜಮಾನರ ಇಬ್ಬರು ತಂಗಿಯರು ಹುಬ್ಬಳ್ಳಿ ಮತ್ತು ಬೆಂಗಳೂರಿನಲ್ಲಿದ್ದರು. ಅವರ ಸಹಿಗಾಗಿ ನಾಲ್ಕು ತಿಂಗಳು ಕಾದೆ. ಆ ನಾಲ್ಕು ತಿಂಗಳು ಮುಂಗಡ ಬಿಟ್ಟು ಒಂದು ರೂಪಾಯಿಯನ್ನೂ ಹೆಚ್ಚು ಕೊಡಲಿಲ್ಲ. ಯಜಮಾನರೂ ಬೇಸರಪಟ್ಟುಕೊಳ್ಳಲಿಲ್ಲ.

ದಾವಣಗೆರೆಯ ನೋಂದಣಿ ಕೆಎ 17, ಚಿತ್ರದುರ್ಗದ್ದು ಕೆಎ 16. ಅದಕ್ಕೂ ಹಿಂದಿನ ಕಾರಾದರೆ ಮೈಸೂರು ರಾಜ್ಯದ ಕಾಲದ ‘ಎಂವೈ’ಯಿಂದ ಶುರುವಾಗುವ ಸಂಖ್ಯೆ ಇರಬಹುದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಹಳೆಯ ಗಾಡಿಯ ಮೂಲ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ಎರಡೂ ಕಡೆ ವಿಚಾರಿಸಿ. ಪರಿವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿದಾಗ ಏನೂ ಬರದಿದ್ದರೆ ಕಾರು ಕಳ್ಳತನದ್ದು ಎಂದು ತಿಳಿಯಬೇಡಿ. ಕೈಬರಹದ ರಿಜಿಸ್ಟರ್‌ನಿಂದ ಕಂಪ್ಯೂಟರ್‌ಗೆ ಏರದೆ ಉಳಿದಿರಬಹುದು. ಕಚೇರಿಯಲ್ಲಿ ‘ಬಿ ಎಕ್ಸ್‌ಟ್ರ್ಯಾಕ್ಟ್’ ಕೇಳಿ ಪಡೆಯಿರಿ. ಮೊದಲ ಒಡೆಯನಿಂದ ಇಂದಿನವರೆಗಿನ ಹೆಸರುಗಳು, ಸಾಲದ ನಮೂದು, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಅದರಲ್ಲಿ ಸಿಗುತ್ತವೆ. ಸಾಲದ ನಮೂದು ಹಾಗೆಯೇ ಇದ್ದರೆ, ಸಾಲ ಎಂದೋ ತೀರಿದ್ದರೂ, ಸಾಲ ಕೊಟ್ಟವರು ಸಹಿ ಹಾಕಿದ ನಮೂನೆ 35 ಇಲ್ಲದೆ ಅದು ಅಳಿಯುವುದಿಲ್ಲ. ಸಾಲ ಕೊಟ್ಟ ಸಂಸ್ಥೆಯೇ ಈಗ ಇಲ್ಲ ಎಂದಾದರೆ ಆ ಕೆಲಸ ಮಾರುವವರಿಂದಲೇ ಮುಗಿಯಲಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿಯ ಹಾಗೆ ನಮ್ಮಲ್ಲಿ ವಯಸ್ಸಾದ ಮಾತ್ರಕ್ಕೆ ಕಾರನ್ನು ರಸ್ತೆಯಿಂದ ಇಳಿಸುವ ನಿಯಮವಿಲ್ಲ. ಶುಲ್ಕ ಮಾತ್ರ ಏರುತ್ತಾ ಬಂದಿದೆ. 2025ರ ಪರಿಷ್ಕರಣೆಯ ಪ್ರಕಾರ 20 ವರ್ಷ ದಾಟಿದ ಕಾರಿನ ನವೀಕರಣಕ್ಕೆ 10,000 ರೂಪಾಯಿ. ಹಸಿರು ತೆರಿಗೆ ಬೇರೆ. ನವೀಕರಣ ತಪ್ಪಿ ಹೋಗಿದ್ದರೆ ತಿಂಗಳ ಲೆಕ್ಕದಲ್ಲಿ ವಿಳಂಬ ಶುಲ್ಕವೂ ಸೇರುತ್ತದೆ. ಒಟ್ಟು ಎಷ್ಟಾಗುತ್ತದೆ ಎಂದು ಕೌಂಟರ್‌ನಲ್ಲಿ ಬರೆಸಿಕೊಂಡು, ಆ ಮೊತ್ತವನ್ನು ಕಾರಿನ ಬೆಲೆಯಿಂದ ಇಳಿಸಿ ಮಾತಾಡಿ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಮತ್ತು ಮೂಲ ರೂಪ ಕೆಡದ ಕಾರಿಗೆ 2021ರಿಂದ ‘ವಿಂಟೇಜ್’ ನೋಂದಣಿಯ ದಾರಿಯಿದೆ. ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ, ಅವಧಿ 10 ವರ್ಷ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ಮಕ್ಕಳನ್ನು ಕೂರಿಸಿಕೊಂಡು ಭಾನುವಾರ ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಜೀವಂತ ಇಟ್ಟುಕೊಳ್ಳುವುದು ಒಳ್ಳೆಯದು.

ತಗಡು ನೋಡುವುದು

ಬೆಳಗಿನ ಬಿಸಿಲಿನಲ್ಲಿ ಹೋಗಿ. ನಡುಮಧ್ಯಾಹ್ನದ ಪ್ರಖರ ಬೆಳಕಿನಲ್ಲಿ ಅಲೆಅಲೆಯಾದ ಟಿಂಕರಿಂಗ್ ಕೆಲಸ ಕಾಣುವುದಿಲ್ಲ. ಓರೆ ಬಿಸಿಲಿನಲ್ಲಿ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಉದ್ದಕ್ಕೆ ಕಣ್ಣು ಹಾಯಿಸಿದರೆ ಎಲ್ಲೆಲ್ಲಿ ತಟ್ಟಿದ್ದಾರೆ, ಎಲ್ಲೆಲ್ಲಿ ಪುಟ್ಟಿ ತುಂಬಿದ್ದಾರೆ ಎಂದು ತಾನಾಗಿ ಕಾಣುತ್ತದೆ.

ಜೊತೆಗೆ ಮೂರು ವಸ್ತು ಇರಲಿ: ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚ್, ಮೊಂಡು ಸ್ಕ್ರೂಡ್ರೈವರ್. ಅಯಸ್ಕಾಂತವನ್ನು ಬಾಗಿಲ ಕೆಳ ಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ರನ್ನಿಂಗ್ ಬೋರ್ಡ್ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗಿ. ತಗಡು ಇದ್ದಲ್ಲಿ ಕೈಯನ್ನು ಜಗ್ಗುತ್ತದೆ. ಪುಟ್ಟಿ ದಪ್ಪವಾದಲ್ಲಿ ಹಿಡಿತ ಸಡಿಲುತ್ತದೆ, ಕೆಲವೆಡೆ ಜಾರಿ ಬೀಳುತ್ತದೆ. ಬಿದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಒಂದು ಸುತ್ತು ಮುಗಿದ ಮೇಲೆ ದೂರ ನಿಂತು ಗುರುತುಗಳನ್ನು ಎಣಿಸಿ. ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಎಂದೋ ಆದ ಡಿಕ್ಕಿ. ಎರಡೂ ಬದಿಯ ಕೆಳಗಿನ ಉದ್ದಕ್ಕೂ ಇದ್ದರೆ ತುಕ್ಕು.

ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ. ದೇಹವೇ ಚಾಸಿಸ್. ಬಾಗಿಲ ಕೆಳಗಿನ ಆ ಪೆಟ್ಟಿಗೆಯಂಥ ತಗಡು ಮತ್ತು ನೆಲ ಸೇರಿಯೇ ಕಾರನ್ನು ಹೊರುತ್ತವೆ. ಅಲ್ಲಿ ತೂತಾದರೆ ಕಾರು ಮಧ್ಯದಲ್ಲಿ ಬಾಗುತ್ತದೆ. ಕಂಡುಹಿಡಿಯುವುದು ಸುಲಭ. ಕಾರಿನ ಒಂದು ಬದಿಯನ್ನು ಜಾಕ್‌ನಿಂದ ಎತ್ತಿ, ಆ ಬದಿಯ ಬಾಗಿಲನ್ನು ತೆಗೆದು ಹಾಕಿ ನೋಡಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದಾಗ ಚೌಕಟ್ಟಿಗೆ ಉಜ್ಜಿದರೆ ಅಡಿ ಸೋತಿದೆ. ಜಾಕ್ ಕೊಟ್ಟ ಜಾಗವೇ ಕುಸಿದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ.

ನಂತರ ಎಲ್ಲ ಮ್ಯಾಟ್ ಎತ್ತಿಸಿ. ಎತ್ತಲು ಒಪ್ಪದವರಿಂದ ಕಾರು ಕೊಳ್ಳಬೇಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿಯ ತಟ್ಟೆ, ಮುಂದಿನ ಗಾಜಿನ ಕೆಳ ಮೂಲೆಗಳು, ಹಿಂದಿನ ಪಟ್ಟೆ ಸ್ಪ್ರಿಂಗ್ ದೇಹಕ್ಕೆ ಸೇರುವ ಜಾಗ, ಇಷ್ಟನ್ನು ಟಾರ್ಚ್ ಹಿಡಿದು ನೋಡಿ, ಸ್ಕ್ರೂಡ್ರೈವರ್‌ನಿಂದ ಒತ್ತಿ. ಗಟ್ಟಿ ತಗಡು ಟಕ್ ಎನ್ನುತ್ತದೆ. ಸತ್ತ ತಗಡು ಹಪ್ಪಳದ ಹಾಗೆ ಕರಕರ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಜೋಡಣೆಯಲ್ಲಿ ಆ ಸದ್ದು ಬಂದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಚಾಸಿಸ್ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಮುಂದೆ ಆರ್.ಟಿ.ಒ. ಕಚೇರಿಯಲ್ಲೂ ಇದನ್ನೇ ಕೇಳುತ್ತಾರೆ. ಅಂಕಿಗಳು ಸಾಲಾಗಿ, ಒಂದೇ ಆಳಕ್ಕೆ ಇರಬೇಕು. ಸುತ್ತ ಗ್ರೈಂಡರ್ ಆಡಿದ ಗುರುತಿರಬಾರದು. ಎಂಜಿನ್ ಸಂಖ್ಯೆ ಆರ್.ಸಿ.ಗೆ ತಾಳೆಯಾಗದಿರುವುದು ಹಳೆಯ ಕಾರುಗಳಲ್ಲಿ ಸಾಮಾನ್ಯ, ಯಾವಾಗಲೋ ಎಂಜಿನ್ ಬದಲಿಸಿ ದಾಖಲಿಸದೆ ಬಿಟ್ಟಿರುತ್ತಾರೆ. ಅದನ್ನು ಸರಿಪಡಿಸಬಹುದು, ಆದರೆ ಎಂಜಿನ್ ಖರೀದಿಯ ಬಿಲ್ ಬೇಕು. ಬಿಲ್ ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ.

ಎಂಜಿನ್, ಬೇಗ

ತಣ್ಣಗಿರುವಾಗ ಹೋಗಿ, ನೀವು ಬರುವ ಮೊದಲು ಶುರು ಮಾಡಬೇಡಿ ಎಂದು ಹೇಳಿರಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪದರ, ಹೋಗಿದೆ. ಆಯಿಲ್ ಮುಚ್ಚಳದೊಳಗೆ ಹಾಲಿನ ಕೆನೆಯಂಥದ್ದು ಕಂಡರೂ ಅದೇ. ಕಂಪ್ರೆಶನ್ ಗೇಜ್ ಇದ್ದ ಮೆಕ್ಯಾನಿಕ್ ಜೊತೆಗಿದ್ದರೆ ನಾಲ್ಕೂ ಸಿಲಿಂಡರ್ ಅಳೆಯಿರಿ. ಒಟ್ಟು ಅಂಕಿಗಿಂತ ನಾಲ್ಕೂ ಹತ್ತಿರಹತ್ತಿರ ಇರುವುದು ಮುಖ್ಯ. ಯಾವುದೋ ಒಂದು ಕಡಿಮೆ ಇದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಎರಡೂ ಹರಿಹರದಲ್ಲಿ ಆಗುವ ಕೆಲಸ. ಬೆಲೆ ಇಳಿಸಲು ಇದನ್ನು ಬಳಸಿ, ಕಾರು ಬಿಡಲು ಬೇಡ.

ಮನೆಗೆ ತರುವುದು

ವರ್ಷಗಟ್ಟಲೆ ನಿಂತ ಕಾರನ್ನು ಓಡಿಸಿಕೊಂಡು ಬರಬೇಡಿ. ಬ್ರೇಕ್ ನಂಬುವಂತಿರುವುದಿಲ್ಲ, ವಿಮೆಯೂ ಇರುವುದಿಲ್ಲ. ತೆರೆದ ಲಾರಿಯಲ್ಲಿ ಅಥವಾ ಟೋಯಿಂಗ್ ಗಾಡಿಯ ಹಲಗೆಯ ಮೇಲೆ ಹತ್ತಿಸಿ ತನ್ನಿ. ಹಗ್ಗ ಕಟ್ಟಿ ಎಳೆಸುವುದಂತೂ ಬೇಡವೇ ಬೇಡ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿಂದಿನಿಂದ ಬರುವ ಲಾರಿಗೆ ನಿಮ್ಮ ಹಗ್ಗ ಕಾಣುವುದಿಲ್ಲ.

ಬಂದ ದಿನವೇ ಸೆಲ್ಫ್ ಹೊಡೆಯುವ ಆಸೆಯನ್ನು ತಡೆದುಕೊಳ್ಳಿ. ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ತೂತಿಗೂ ಸ್ವಲ್ಪ ತೆಳು ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯು-50 ಆಯಿಲ್ ತುಂಬಿ. ಹಳೆಯ ಪೆಟ್ರೋಲ್‌ನಲ್ಲಿ ಎಂಜಿನ್ ಶುರು ಮಾಡಬೇಡಿ.

ಬ್ರೇಕ್: ಮೊದಲ ಕೆಲಸ, ದೊಡ್ಡ ಕೆಲಸ

ಎಂಜಿನ್ ಓಡಿತು ಎಂದರೆ ಮನಸ್ಸು ರಸ್ತೆಯತ್ತ ಎಳೆಯುತ್ತದೆ. ಬ್ರೇಕ್ ಪೂರ್ತಿ ಬಿಚ್ಚಿ ಕೂಡಿಸುವವರೆಗೆ ಕಾರು ಅಂಗಳ ದಾಟಬಾರದು. ಹಳೆಯ ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಎಲ್ಲಕ್ಕೂ ಸೇರಿ ಒಂದೇ ಸಾಲು. ಎಲ್ಲಿಯಾದರೂ ಒಂದು ಹೋಸ್ ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ, ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ.

ನನ್ನ ಪದ್ಮಿನಿಯ ಹಿಂದಿನ ಎಡ ಡ್ರಮ್ ಬರಲೇ ಇಲ್ಲ. ಮೇಸ್ತ್ರಿ ಮರದ ಸುತ್ತಿಗೆಯಿಂದ ಸುತ್ತ ಒಂದೇ ಹದಕ್ಕೆ ತಟ್ಟುತ್ತಾ ಹೋದರು. ಒಂದು ಕಡೆಯೇ ಬಲವಾಗಿ ಹೊಡೆದರೆ ಬೀಡು ಕಬ್ಬಿಣ ಸೀಳುತ್ತದೆ ಎಂದರು. ಡ್ರಮ್ ಕಳಚಿದಾಗ ಒಳಗೆ ಲೈನಿಂಗ್ ಕಪ್ಪಗೆ ಒದ್ದೆಯಾಗಿತ್ತು. ಮೇಸ್ತ್ರಿ ಬೆರಳಿಗೆ ಹಚ್ಚಿಕೊಂಡು ಉಜ್ಜಿ ಮೂಸಿದರು, ನನ್ನ ಬೆರಳಿಗೂ ಹಚ್ಚಿದರು. ದಪ್ಪ, ಜಿಗುಟು, ಗಂಧಕದ ವಾಸನೆ. “ಇದು ಬ್ರೇಕ್ ಆಯಿಲ್ ಅಲ್ಲ, ಸಾರ್. ಹೌಸಿಂಗ್ ಆಯಿಲ್. ಆಕ್ಸಲ್ ಸೀಲ್ ಹೋಗಿದೆ. ವೀಲ್ ಸಿಲಿಂಡರ್ ಎಷ್ಟು ಸಲ ಬದಲಿಸಿದರೂ ಇದು ನಿಲ್ಲುವುದಿಲ್ಲ.” ಹೌಸಿಂಗ್ ಆಯಿಲ್ ಎಂದರೆ ಹಿಂದಿನ ಆಕ್ಸಲ್‌ನ ಗೇರ್‌ಗಳಿಗೆ ಹಾಕುವ ಆಯಿಲ್. ಬ್ರೇಕ್ ಆಯಿಲ್ ತೆಳುವಾಗಿರುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ತಪ್ಪು ಭಾಗಕ್ಕೆ ದುಡ್ಡು ಹಾಕುವುದು ತಪ್ಪುತ್ತದೆ. ಆಯಿಲ್ ಕುಡಿದ ಲೈನಿಂಗ್ ಅನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಒಪ್ಪಬೇಡಿ, ಬಿಸಿಯಾದಾಗ ಆಯಿಲ್ ಮತ್ತೆ ಮೇಲೆ ಬರುತ್ತದೆ. ಎರಡೂ ಬದಿಯ ಲೈನಿಂಗ್ ಹೊಸದೇ ಆಗಬೇಕು.

ಇನ್ನೊಂದು ಮಾತು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಹುಡುಗರಿಗೂ ಹೇಳಿ, ಮುಖಕ್ಕೆ ಬಟ್ಟೆ ಕಟ್ಟಿಸಿ.

ಡ್ರಮ್ ಒಳಗೆ ಗೆರೆ ಬಿದ್ದಿದ್ದರೆ ಲೇತ್‌ಗೆ ಕೊಟ್ಟು ಒಂದು ಸಣ್ಣ ಕಟ್ ತೆಗೆಸಿ, ಎಡಬಲ ಎರಡೂ ಒಂದೇ ಅಳತೆಗೆ ಬರಲಿ. ಮಾಸ್ಟರ್ ಸಿಲಿಂಡರ್ ಮತ್ತು ನಾಲ್ಕೂ ಚಕ್ರದ ಸಿಲಿಂಡರ್‌ಗಳ ಒಳಗೋಡೆಗೆ ಉಗುರು ತಾಗಿಸಿ ಎಳೆಯಿರಿ. ನುಣುಪಾಗಿದ್ದರೆ ವಾಷರ್ ಕಿಟ್ ಸಾಕು, ಉಗುರಿಗೆ ಗುಳಿ ಸಿಕ್ಕರೆ ಸಿಲಿಂಡರನ್ನೇ ಬದಲಿಸಿ. ರಬ್ಬರ್ ಹೋಸ್‌ಗಳನ್ನು ನೋಡುವುದೇ ಬೇಡ, ಎಲ್ಲವೂ ಹೊಸದಾಗಲಿ. ಉಕ್ಕಿನ ಪೈಪ್ ತುಕ್ಕು ಹಿಡಿದಿದ್ದರೆ ಫ್ರಿಜ್ ರಿಪೇರಿಯ ತಾಮ್ರದ ಪೈಪ್ ಹಾಕಿಕೊಡುತ್ತೇವೆ ಎನ್ನುತ್ತಾರೆ. ಬೇಡ. ಸದಾ ಅದುರುವ ಜಾಗದಲ್ಲಿ ತಾಮ್ರ ಗಡುಸಾಗಿ ಸೀಳುತ್ತದೆ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ ಚಕ್ರದಿಂದ ಶುರು ಮಾಡಿ. ಕೊನೆಗೆ ಪೆಡಲ್ ಮೇಲೆ ಒಂದು ನಿಮಿಷ ಗಟ್ಟಿಯಾಗಿ ಕಾಲಿಟ್ಟುಕೊಂಡಿರಿ. ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ.

ಸ್ಟಿಯರಿಂಗ್ ಮತ್ತು ಟೈರ್

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಈಗ ಆಟ ನಿಂತರೆ ಹಬ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್, ಸವೆದಿದೆ. ಕಿಂಗ್ ಪಿನ್ ಬುಷ್ ಹಾಕಿ ರೀಮರ್ ಹೊಡೆಸುವುದು ಹಳೆಯ ಲಾರಿ ಮೇಸ್ತ್ರಿಗಳಿಗೆ ನೀರು ಕುಡಿದಷ್ಟು ಸುಲಭ. ಎಲ್ಲ ಗ್ರೀಸ್ ನಿಪ್ಪಲ್‌ಗಳನ್ನು ಹುಡುಕಿ ತೊಳೆದು, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಹೊಡೆಯಿರಿ.

ಟೈರಿನ ಗುಂಡಿ ಎಷ್ಟು ಆಳವಿದೆ ಎಂದು ನೋಡಿ ಮೋಸಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿಯ ಮುದ್ರೆ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್. ಹೊಸದರಂತೆ ಕಂಡರೂ ಹೆದ್ದಾರಿಯ ವೇಗದಲ್ಲಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಸಿಡಿಯುತ್ತದೆ.

ಪೆಟ್ರೋಲ್, ನೀರು, ಕರೆಂಟು

ಟ್ಯಾಂಕ್ ಇಳಿಸಿ, ಒಂದು ಹಿಡಿ ಸಣ್ಣ ನಟ್‌ಗಳನ್ನೂ ಸ್ವಲ್ಪ ಡೀಸೆಲ್ಲನ್ನೂ ಹಾಕಿ ಕುಲುಕಿ ತೊಳೆಯಿರಿ. ನಟ್‌ಗಳನ್ನು ಹಾಕುವಾಗಲೂ ತೆಗೆಯುವಾಗಲೂ ಎಣಿಸಿ. ಟ್ಯಾಂಕ್ ಸೋರುತ್ತಿದ್ದರೆ ಮನೆಯಲ್ಲಿ ಬೆಸುಗೆ ಹಾಕಿಸಲು ಹೋಗಬೇಡಿ. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಆ ಕಾಲದ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಹೋಸ್ ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಾಮ್ ಉಬ್ಬುತ್ತದೆ, ಒಳಪದರ ಕಳಚಿ ಕಾರ್ಬೊರೇಟರ್‌ನ ಜೆಟ್ ಕಟ್ಟುತ್ತದೆ. ಪೆಟ್ರೋಲ್ ಹೋಸ್‌ಗಳನ್ನೆಲ್ಲ ಈಗಿನ ಇಂಜೆಕ್ಷನ್ ಕಾರುಗಳಿಗೆ ಬರುವ ಗುಣಮಟ್ಟದ್ದಕ್ಕೆ ಬದಲಿಸಿ, ಹೊಸ ಡಯಾಫ್ರಾಮ್ ಹಾಕಿ, ಟ್ಯಾಂಕ್ ಮತ್ತು ಪಂಪ್ ನಡುವೆ ಪಾರದರ್ಶಕ ಫಿಲ್ಟರ್ ಕೂರಿಸಿ. ಎಥನಾಲ್ ಗಾಳಿಯ ತೇವ ಎಳೆಯುತ್ತದೆ. ತಿಂಗಳುಗಟ್ಟಲೆ ಓಡಿಸದಿದ್ದರೆ ಅದೇ ನೀರು ಟ್ಯಾಂಕ್ ತಳದಲ್ಲಿ ತುಕ್ಕಾಗುತ್ತದೆ. ಅಂಬಾಸಿಡರ್‌ನ ಹಳೆಯ 1489 ಸಿಸಿ ಎಂಜಿನ್ ಇದ್ದವರು ಇನ್ನೊಂದನ್ನು ಗಮನಿಸಬೇಕು. ಅದು ಸೀಸ ಬೆರೆಸಿದ ಪೆಟ್ರೋಲ್ ಕಾಲದ್ದು. ಸೀಸ 2000ದಲ್ಲಿ ನಿಂತಿತು. ಹೆಡ್ ಹೇಗೂ ಬಿಚ್ಚಿದ್ದರೆ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಡುಸು ಸೀಟ್ ಹಾಕಿಸಿಬಿಡಿ.

ರೇಡಿಯೇಟರ್ ಬಿಚ್ಚಿಸಿ ರಾಡಿಂಗ್ ಮಾಡಿಸಿ, ಅಂದರೆ ಕೊಳವೆಗಳೊಳಗೆ ಸರಳು ಆಡಿಸಿ ಸ್ವಚ್ಛ ಮಾಡಿಸಿ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಒಳಗಿನ ಕೊಳವೆಗಳಲ್ಲಿ ಕಲ್ಲಾಗಿರುತ್ತದೆ, ಮೇಲಿಂದ ನೀರು ಬಿಟ್ಟು ತೊಳೆದರೆ ಹೋಗುವುದಿಲ್ಲ. ಮುಂದೆ ಕೂಲಂಟ್ ಮಾತ್ರ ಹಾಕಿ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಅನ್ನು ತೆಗೆದು ಎಸೆಯುವ ಅಭ್ಯಾಸ ಇಲ್ಲಿನ ಗ್ಯಾರೇಜ್‌ಗಳಲ್ಲಿದೆ. ಹೊಸದನ್ನು ತಂದು ಹಾಕಿಸಿ, ಎಂಜಿನ್ ಸರಿಯಾದ ಬಿಸಿಗೆ ಬರದೆ ಓಡಿದರೂ ಸವೆಯುತ್ತದೆ.

ವೈರಿಂಗ್‌ನಲ್ಲಿ ಒಂದೇ ನಿಯಮ: ಟೇಪ್ ಸುತ್ತಿದ ಪ್ರತಿ ಜೋಡಣೆಯನ್ನೂ ಬಿಚ್ಚಿ ನೋಡಿ. ಬಿಸಿಗೆ ಗಡುಸಾದ ತಂತಿ ಕಂಡರೆ ಪೂರ್ತಿ ಹೊಸ ವೈರಿಂಗ್ ಹಾಕಿಸುವುದು ಮೇಲು. ಹೆಡ್‌ಲೈಟ್‌ಗೆ ರಿಲೇ ಹಾಕಿಸಿದರೆ ಹಳೆಯ ಸ್ವಿಚ್ ಸುಡುವುದಿಲ್ಲ, ಬೆಳಕೂ ಹೆಚ್ಚುತ್ತದೆ. ಬಹಳ ಹಳೆಯ ಕೆಲವು ಅಂಬಾಸಿಡರ್‌ಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಬಾಡಿಗೆ ಸೇರಿರುತ್ತದೆ, ಬ್ಯಾಟರಿ ಬದಲಿಸುವ ಮೊದಲು ನೋಡಿಕೊಳ್ಳಿ. ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಅಂತರ 0.4 ಮಿಲಿಮೀಟರ್ ಆಸುಪಾಸು ಇರಲಿ, ಕಣ್ಣಂದಾಜು ಬೇಡ, ಫೀಲರ್ ಗೇಜ್ ಹಾಕಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ಕಂಡೆನ್ಸರ್, ಒಂದು ಜೊತೆ ಪಾಯಿಂಟ್, ಒಂದು ಫ್ಯಾನ್ ಬೆಲ್ಟ್ ಸದಾ ಇರಲಿ.

ತಪಾಸಣೆ, ವಿಮೆ, ಮೊದಲ 500 ಕಿಲೋಮೀಟರ್

ಬ್ರೇಕ್, ದೀಪ, ಹಾರ್ನ್, ವೈಪರ್ ಎಲ್ಲ ಕೆಲಸ ಮಾಡತೊಡಗಿದ ಮೇಲೆ ವಿಮೆ ಮಾಡಿಸಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸಮಗ್ರ ವಿಮೆ ಬೇಕಾದರೆ ಐದು ವರ್ಷ ದಾಟಿದ ಗಾಡಿಯ ಮೌಲ್ಯವನ್ನು ಕಂಪನಿ ಮತ್ತು ನೀವು ಮಾತಾಡಿ ನಿಗದಿಪಡಿಸಿಕೊಳ್ಳಬೇಕು. ಎಲ್ಲ ಬಿಲ್‌ಗಳು ಮತ್ತು ಫೋಟೋಗಳನ್ನು ಕಡತದಲ್ಲಿಟ್ಟು ತೋರಿಸಿದರೆ ಗುಜರಿ ಬೆಲೆ ಬರೆಯುವುದಿಲ್ಲ. ನಂತರ ಎಮಿಷನ್ ತಪಾಸಣೆ. ಕಾರ್ಬೊರೇಟರ್ ಕಾರನ್ನು ಚೆನ್ನಾಗಿ ಬಿಸಿಮಾಡಿಕೊಂಡೇ ಹೋಗಿ, ತಣ್ಣಗಿದ್ದಾಗ ಪೆಟ್ರೋಲ್ ಹೆಚ್ಚು ಸುಟ್ಟು ಅಳತೆ ಮೀರುತ್ತದೆ. ಆಮೇಲೆ ನೋಂದಣಿ ನವೀಕರಣದ ಅರ್ಜಿಯಾದ ನಮೂನೆ 25ರೊಂದಿಗೆ ಆರ್.ಟಿ.ಒ. ಕಚೇರಿಗೆ. ಏಜೆಂಟ್ ಇಟ್ಟುಕೊಂಡರೂ ತಪಾಸಣೆಯ ದಿನ ನೀವೇ ಕಾರಿನ ಪಕ್ಕ ನಿಂತಿರಿ. ಯಾವ ಲೋಪ ಕಂಡಿತು ಎಂದು ನಿರೀಕ್ಷಕರ ಬಾಯಿಂದಲೇ ಕೇಳಿಸಿಕೊಳ್ಳಬಹುದು.

ಮೊದಲ ಓಡಾಟ ಊರಿನೊಳಗೆ, ಕುಂದವಾಡ ಕೆರೆಯ ಸುತ್ತಮುತ್ತ. ಎರಡನೆಯದು ಹರಿಹರದವರೆಗೆ. ಹರಿಹರೇಶ್ವರನ ಗುಡಿಯ ಮುಂದೆ ನಿಲ್ಲಿಸಿ ಪ್ರತಿ ಚಕ್ರದ ಹಬ್ ಮೇಲೆ ಅಂಗೈ ಇಡಿ. ಒಂದು ಮಾತ್ರ ಬಿಸಿಯಾಗಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ಹನಿ ಬಿದ್ದ ಜಾಗ ಸೋರುವ ಭಾಗವನ್ನು ತೋರಿಸುತ್ತದೆ. ಮೂರನೆಯದು ಹೆದ್ದಾರಿಯಲ್ಲಿ ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗದವರೆಗೆ, ಬೆಳಿಗ್ಗೆ ಏಳರೊಳಗೆ ಹೊರಟು. ಗಂಟೆಗೆ 60 ಕಿಲೋಮೀಟರ್ ಮೀರಬೇಡಿ, ಎಡಗಡೆಯ ಸಾಲು ಬಿಡಬೇಡಿ. ಬೇಸಿಗೆಯಲ್ಲಿ ಏರು ಹತ್ತುವಾಗ ಎಂಜಿನ್ ಮುಗ್ಗರಿಸಿ ನಿಂತರೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹದಿನೈದು ನಿಮಿಷ ಕಾಯಿರಿ. ಪದೇಪದೇ ಆದರೆ ಪಂಪ್ ಮತ್ತು ಸೈಲೆನ್ಸರ್ ಪೈಪ್ ನಡುವೆ ಒಂದು ತಗಡಿನ ಮರೆ ಮಾಡಿಸಿ.

500 ಕಿಲೋಮೀಟರ್ ಆದಾಗ ಬಿಸಿಯಾಗಿರುವಾಗಲೇ ಆಯಿಲ್ ಇಳಿಸಿ, ಅದರೊಳಗೆ ಅಯಸ್ಕಾಂತ ಆಡಿಸಿ ನೋಡಿ. ಸೂಕ್ಷ್ಮ ಪುಡಿ ಸಹಜ, ಚೂರು ಸಿಕ್ಕರೆ ಮೇಸ್ತ್ರಿಗೆ ತೋರಿಸಿ. ಹೆಡ್ ಬಿಚ್ಚಿದ್ದರೆ, ಎಂಜಿನ್ ಪೂರ್ತಿ ತಣಿದ ಮೇಲೆ ಟಾರ್ಕ್ ರೆಂಚ್‌ನಿಂದ ಹೆಡ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಹೊಸ ಲೈನಿಂಗ್ ಈಗ ಕೂತಿರುತ್ತದೆ, ನಾಲ್ಕೂ ಬ್ರೇಕ್ ಹೊಂದಿಸಿ.

ಬಣ್ಣದವರ ಬಳಿ ಹೋಗುವುದು ಇದೆಲ್ಲ ಆದ ಮೇಲೆ. ಮೊದಲೇ ಬಣ್ಣ ಹೊಡೆಸಿದರೆ ಬ್ರೇಕ್ ಆಯಿಲ್ ಚೆಲ್ಲಿ, ಸ್ಪ್ಯಾನರ್ ಬಿದ್ದು ಎರಡನೆಯ ಸಲ ಹೊಡೆಸಬೇಕಾಗುತ್ತದೆ. ಯಜಮಾನರಿಗೆ ತಮ್ಮ ತಂದೆಯ ಕಾಲದ ಬಣ್ಣ ಆಕಾಶನೀಲಿ ಎಂದು ನೆನಪಿತ್ತು, ನಡುವೆ ಎರಡು ಸಲ ಬಿಳಿ ಹೊಡೆಸಿದ್ದರಂತೆ. ಡ್ಯಾಶ್‌ಬೋರ್ಡ್ ಡಬ್ಬಿಯನ್ನು ಬಿಚ್ಚಿ ಹಿಂದೆ ಟಾರ್ಚ್ ಬಿಟ್ಟಾಗ ಬಿಸಿಲು ಕಾಣದ ಆ ನೀಲಿ ಅಂಗೈಯಗಲ ಹಾಗೆಯೇ ಉಳಿದಿತ್ತು. ಬಣ್ಣದ ಅಂಗಡಿಯವರನ್ನು ಕಾರಿನ ಬಳಿಗೇ ಕರೆತಂದು ಅದಕ್ಕೆ ಹೊಂದಿಸಿ ಬೆರೆಸಿಸಿದೆ. ನಿಮ್ಮ ಕಾರಿನಲ್ಲೂ ಹುಡುಕಿ: ಡಬ್ಬಿಯ ಹಿಂದೆ, ಡಿಕ್ಕಿಯ ಹಲಗೆಯ ಅಡಿ, ಬಾಗಿಲ ಒಳಹೊದಿಕೆಯ ಹಿಂದೆ. ಸಿಕ್ಕರೆ ಆ ಜಾಗಕ್ಕೆ ಟೇಪ್ ಹಚ್ಚಿ, ಹೊಸ ಬಣ್ಣ ಬೀಳದಂತೆ ಬಿಡಿ. ಮುಂದೊಂದು ದಿನ ಬಾಗಿಲಿಗೆ ಗೀರು ಬಿದ್ದಾಗ ಮತ್ತೆ ಅದನ್ನೇ ನೋಡಿ ಬೆರೆಸಬೇಕಾಗುತ್ತದೆ.